ಮಳೆಗಾಲದಲ್ಲೂ ನಮ್ಮ ಹಾಡು ಹಿಡಿದ ಮೈಕು: ಶೂರ್ ಎಸ್‌ಎಂ58

ನಮ್ಮದು ನಾಲ್ಕು ಜನರ ಬ್ಯಾಂಡ್. ಊರು ಕೊಡಗಿನ ಸುಂಟಿಕೊಪ್ಪದ ಹತ್ತಿರ. ನಾನು ಹಾಡುತ್ತೇನೆ, ಗಿಟಾರ್ ನುಡಿಸುತ್ತೇನೆ. ತಮ್ಮ ದುಡಿ (ಡಮರುವಿನಂಥ ನಮ್ಮ ಕಡೆಯ ಚರ್ಮವಾದ್ಯ) ಬಾರಿಸುತ್ತಾನೆ. ಬೇಸ್ ಮತ್ತು ಕೀಬೋರ್ಡಿಗೆ ಕಾಲೇಜಿನ ಇಬ್ಬರು ಗೆಳೆಯರು. ಕನ್ನಡದಲ್ಲೂ ನಮ್ಮ ಕಡೆಯ ಆಡುನುಡಿ ಅರೆಭಾಷೆಯಲ್ಲೂ ಸ್ವಂತ ಹಾಡು ಕಟ್ಟುತ್ತೇವೆ. ಕಳೆದ ತಿಂಗಳು ಬೆಂಗಳೂರಿನ ಒಂದು ಲೇಬಲ್ (ಹಾಡು ಹೊರತರುವ ಕಂಪನಿ) ನಮ್ಮ ಒಂದು ಹಾಡು ತೆಗೆದುಕೊಂಡಿತು. ಆ ಹಾಡಿನಲ್ಲಿ ನನ್ನ ದನಿಯನ್ನೂ ತಮ್ಮನ ದುಡಿಯನ್ನೂ ಹಿಡಿದದ್ದು ಒಂದೇ ಮೈಕು, ಶೂರ್ ಎಸ್‌ಎಂ58. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ನಮ್ಮ ಹತ್ತಿರ ಒಂದು ಕಂಡೆನ್ಸರ್ ಮೈಕ್ ಇತ್ತು. ಸ್ಟುಡಿಯೋದಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ ಅಂತ ಕೇಳಿ ತಂದದ್ದು. ತಪ್ಪು ಮೈಕಿನದ್ದಲ್ಲ. ಅದು ತುಂಬ ಸೂಕ್ಷ್ಮ, ಸುತ್ತಲಿನ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಆದರೆ ನಮ್ಮದು ಕೊಡಗು, ಮೇಲಾಗಿ ಜುಲೈ ತಿಂಗಳು. ತಗಡಿನ ಮಾಡಿನ ಮೇಲೆ ಮಳೆ, ತೋಟದಲ್ಲಿ ಜೀರುಂಡೆ, ಕರೆಂಟ್ ಹೋದರೆ ಇನ್ವರ್ಟರಿನ ಗುಂಯ್ ಸದ್ದು. ಹಾಡಿನ ಹಿಂದೆ ಇಷ್ಟೂ ಬಂದವು. ಎಂಟು ಹಾಡು ರೆಕಾರ್ಡ್ ಮಾಡಿ, ಒಂದೇ ಜಿಪ್ ಫೈಲ್ ಮಾಡಿ ಆರು ಲೇಬಲ್‌ಗಳಿಗೆ ಕಳಿಸಿದೆವು. ಐದು ಕಡೆಯಿಂದ ಉತ್ತರವೇ ಇಲ್ಲ. ಆರನೆಯವರು ಫೋನ್ ಮಾಡಿದರು. ಅವರು ಹೇಳಿದ್ದು ಇಷ್ಟು: "ಎಂಟು ಹಾಡು ಕೇಳೋಕೆ ಯಾರಿಗೂ ಸಮಯ ಇರಲ್ಲ. ಒಂದು ಕಳಿಸಿ. ಮೊದಲ ಅರ್ಧ ನಿಮಿಷದಲ್ಲಿ ನಿಮ್ಮ ದನಿ ಕೇಳಬೇಕು. ಈಗ ಮಳೆ ಮಾತ್ರ ಕೇಳ್ತಿದೆ."

ಆ ರಾತ್ರಿ ನಿದ್ದೆ ಬರಲಿಲ್ಲ. ಬೇಜಾರಾದದ್ದು ನಿಜ. ಆದರೆ ಅವರು ಫೋನ್ ಮಾಡಿ ಹೇಳಿದರಲ್ಲ, ಅದು ದೊಡ್ಡ ಉಪಕಾರ. ಅದಾದ ಮೇಲೆಯೇ ಮೈಕು ಬದಲಿಸಿ ಎಸ್‌ಎಂ58 ಕೊಳ್ಳೋಣ ಅಂದುಕೊಂಡೆವು.

ಎಸ್‌ಎಂ58 ಹೊಸ ಸಾಮಾನೇನಲ್ಲ. ಶೂರ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1966ರಲ್ಲಿ. ನೀವು ಯಾವ ವೇದಿಕೆಯಲ್ಲಿ ನೋಡಿದರೂ ಕಾಣುವ, ದುಂಡನೆಯ ಜಾಲರಿ ತಲೆಯ ಆ ಮೈಕೇ ಇದು. ಇದು ಡೈನಮಿಕ್ ಮೈಕ್, ಅಂದರೆ ಕಂಡೆನ್ಸರ್ ಮೈಕಿಗೆ ಕೇಬಲಿನಲ್ಲೇ ಕೊಡುವ 48 ವೋಲ್ಟಿನ ಕರೆಂಟ್ (ಫ್ಯಾಂಟಮ್ ಪವರ್) ಇದಕ್ಕೆ ಬೇಡ. ಎದುರಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಪಕ್ಕದ್ದನ್ನು ಕಡಿಮೆ, ಹಿಂದಿನದ್ದನ್ನು ಇನ್ನೂ ಕಡಿಮೆ. ತುಟಿಯಿಂದ ಎರಡು ಬೆರಳು ದೂರದಲ್ಲಿ ಹಾಡಿದರೆ ದನಿ ಜೋರಾಗಿ ಬರುತ್ತದೆ, ಮಳೆ ದೂರ ಸರಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಹಾಡಿಗೆ ಅಡ್ಡ ಬರುವುದಿಲ್ಲ. ನಮಗೆ ಬೇಕಾದದ್ದು ಅಷ್ಟೇ ಅಲ್ವಾ?

ಕೊಳ್ಳುವಾಗ ಒಂದು ಎಚ್ಚರ. ಈ ಮೈಕಿನ ನಕಲಿ ಮಾಲು ತುಂಬ ಇದೆ. ನಾನೂ ಮೋಸ ಹೋದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಮೂರು ಸಾವಿರಕ್ಕೆ ಕೊಡುತ್ತೇನೆ ಅಂದ. ಡಬ್ಬಿ, ಹೆಸರು, ಚೀಲ ಎಲ್ಲ ಹಾಗೇ ಇತ್ತು. ಕೈಗೆ ತೆಗೆದುಕೊಂಡಾಗ ಹಗುರ ಅನ್ನಿಸಿತು. ಅಸಲಿ ಮೈಕು ಸುಮಾರು 300 ಗ್ರಾಂ ತೂಗುತ್ತದೆ. ಹಾಡಿದರೆ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿತು. ಹಣ ವಾಪಸ್ ಬರಲಿಲ್ಲ. ಎರಡನೇ ಸಲ ಬೆಂಗಳೂರಿಗೆ ಹೋಗಿ, ಕಂಪನಿಯ ಅಧಿಕೃತ ಡೀಲರ್ ಹತ್ತಿರ ಬಿಲ್ ಸಮೇತ ತಂದೆ. ಸುಮಾರು 10 ಸಾವಿರ ಆಯಿತು. ಕೇಬಲ್ ಬೇರೆ ಕೊಳ್ಳಬೇಕು. ಈ ಮೈಕಿನ ಸಿಗ್ನಲ್ ಸಣ್ಣದು, ಹಾಗಾಗಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನಿಮ್ಮ ಆಡಿಯೋ ಇಂಟರ್‌ಫೇಸಿನಲ್ಲಿ ಗೇನ್ (ಸಿಗ್ನಲ್ ದೊಡ್ಡದು ಮಾಡುವ ತಿರುಪು) ಜಾಸ್ತಿ ಕೊಡಬೇಕಾಗುತ್ತದೆ. ತೀರಾ ಅಗ್ಗದ ಇಂಟರ್‌ಫೇಸ್ ಆದರೆ ಆಗ ಸುಯ್ಯನೆ ಸದ್ದು ಬರುತ್ತದೆ.

ರೆಕಾರ್ಡ್ ಮಾಡಿದ್ದು ಚಿಕ್ಕಪ್ಪನ ಕಾಫಿ ಗೋದಾಮಿನಲ್ಲಿ. ರೋಬಸ್ಟಾ ತುಂಬಿದ ಗೋಣಿಚೀಲಗಳು ಮೂರು ಕಡೆ ಗೋಡೆಯ ಹಾಗೆ ಪೇರಿಸಿದ್ದವು. ಕೋಣೆಯ ಪ್ರತಿಧ್ವನಿಯನ್ನು ಅವು ನುಂಗಿಬಿಟ್ಟವು. ನಾನು ಚೀಲಗಳ ಕಡೆ ಬೆನ್ನು ಮಾಡಿ ನಿಂತೆ. ಮೈಕಿನ ಬೆನ್ನು ಬಾಗಿಲ ಕಡೆ, ಯಾಕೆಂದರೆ ಮಳೆ ಸದ್ದು ಬರುವುದು ಅಲ್ಲಿಂದ. ದುಡಿಗೆ ಅದೇ ಮೈಕನ್ನು ಒಂದು ಗೇಣು ದೂರ ಇಟ್ಟೆವು. ಹತ್ತಿರ ತಂದಷ್ಟೂ ತಗ್ಗಿನ ಸದ್ದು ದಪ್ಪ ಆಗುತ್ತದೆ, ಚರ್ಮದ ಟಣ್ ಅನ್ನುವ ಪೆಟ್ಟು ಮರೆಯಾಗುತ್ತದೆ. ಮೂರು ಸಲ ಜಾಗ ಬದಲಿಸಿದ ಮೇಲೆ ಸರಿ ಬಂತು. ಗಿಟಾರಿಗೆ ಮಾತ್ರ ಈ ಮೈಕು ನನಗೆ ಹಿಡಿಸಲಿಲ್ಲ. 15,000 ಹರ್ಟ್ಝ್ ಮೇಲಿನ ತೀರಾ ಕೀಚಲು ಸದ್ದನ್ನು ಇದು ಸರಿಯಾಗಿ ಹಿಡಿಯುವುದಿಲ್ಲ, ತಂತಿಯ ಮಿಂಚು ಕಡಿಮೆ ಆಗುತ್ತದೆ. ಗಿಟಾರನ್ನು ಮೈಕಿಲ್ಲದೆ ಕೇಬಲಿನಲ್ಲಿ ನೇರ ಲೈನ್ ಹಾಕಿದೆವು.

ಈ ಸಲ ಲೇಬಲ್‌ಗೆ ಕಳಿಸಿದ್ದು ಒಂದೇ ಹಾಡು. ಅರೆಭಾಷೆಯದ್ದು. ಶುರುವಿನಲ್ಲಿದ್ದ ಉದ್ದದ ಕೀಬೋರ್ಡ್ ಭಾಗ ಕಿತ್ತು ಹಾಕಿದೆವು. ನಾಲ್ಕನೇ ಸೆಕೆಂಡಿಗೆ ದನಿ. ಜಿಪ್ ಬೇಡ, ಒತ್ತಿದ ಕೂಡಲೇ ಕೇಳುವ ಲಿಂಕ್. ಜೊತೆಗೆ ಮಡಿಕೇರಿಯಲ್ಲಿ ಒಂದು ಕಾರ್ಯಕ್ರಮದಲ್ಲಿ ಹಾಡಿದ ಎರಡು ನಿಮಿಷದ ವಿಡಿಯೋ, ಅದರಲ್ಲಿ ಜನ ಜೊತೆಗೂಡಿ ಹಾಡುವುದು ಕಾಣುತ್ತದೆ. ಪತ್ರ ಐದು ಸಾಲು: ನಾವು ಯಾರು, ಯಾವ ಊರು, ಎಷ್ಟು ಹಾಡು ಸಿದ್ಧ ಇದೆ, ಫೋನ್ ನಂಬರ್. ರಘು ದೀಕ್ಷಿತ್ ಅವರ ಬ್ಯಾಂಡಿನ ಮೊದಲ ಆಲ್ಬಮ್ 2008ರಲ್ಲಿ ವಿಶಾಲ್-ಶೇಖರ್ ಅವರ ಲೇಬಲ್‌ನಿಂದ ಬಂತು. ಅದಕ್ಕೆ ಮೊದಲು ಅವರು ಎಷ್ಟೋ ವರ್ಷ ವೇದಿಕೆಯಲ್ಲಿ ಹಾಡಿದ್ದರು. ಲೇಬಲ್‌ನವರು ಬರೀ ಹಾಡು ನೋಡುವುದಿಲ್ಲ, ಹಾಡಿನ ಮುಂದೆ ಜನ ನಿಲ್ಲುತ್ತಾರಾ ಅಂತಲೂ ನೋಡುತ್ತಾರೆ. ಎಂಟು ದಿನಕ್ಕೆ ಲೇಬಲ್‌ನವರ ಫೋನ್ ಬಂತು. ದುಡಿ ಯಾರು ಬಾರಿಸಿದ್ದು ಅಂತ ಮೊದಲು ಕೇಳಿದರು. ತಮ್ಮ ಅಳುವುದೊಂದು ಬಾಕಿ.

ಈ ಮೈಕಿನಿಂದ ಆದ ದೊಡ್ಡ ಲಾಭ ಗೊತ್ತಾದದ್ದು ಒಪ್ಪಂದದ ಕಾಗದ ಕೈಗೆ ಬಂದಾಗ. ಖರ್ಚು ಹಾಕಿ ರೆಕಾರ್ಡ್ ಮಾಡಿದವರು ನಾವೇ. ಹಾಗಾಗಿ ರೆಕಾರ್ಡಿಂಗ್ ನಮ್ಮದು, ಸಾಹಿತ್ಯ ಮತ್ತು ರಾಗವೂ ನಮ್ಮದು. ಮೊದಲ ಕರಡಿನಲ್ಲಿ ಎಲ್ಲ ಹಕ್ಕೂ ಎಂದೆಂದಿಗೂ ಅವರಿಗೆ ಅಂತ ಇತ್ತು. ವಿರಾಜಪೇಟೆಯಲ್ಲಿ ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆವು. ಅವರು 1957ರ ಕಾಪಿರೈಟ್ ಕಾಯ್ದೆ ತೆಗೆದು ತೋರಿಸಿದರು. ಹಕ್ಕು ಬಿಟ್ಟುಕೊಡುವ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಆದರೆ ಎಂದೆಂದಿಗೂ ಅಂತ ಬರೆದು ಸಹಿ ಹಾಕಿದರೆ ಅದೇ ಅವಧಿ ಆಗಿಬಿಡುತ್ತದೆ, ಹಾಗಾಗಿ ಸುಮ್ನೆ ಸಹಿ ಹಾಕಬೇಡಿ ಅಂದರು. 2012ರ ತಿದ್ದುಪಡಿ ಆದ ಮೇಲೆ, ಸಾಹಿತ್ಯ ಬರೆದವರು ಮತ್ತು ಸಂಗೀತ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಲೇಬಲ್‌ಗೆ ಬಿಟ್ಟುಕೊಡಲು ಬರುವುದೇ ಇಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ನಾವು ಐದು ವರ್ಷ ಕೇಳಿದೆವು, ಅವರು ಒಪ್ಪಿದರು. ಅವರ ದುಡ್ಡಿನಲ್ಲಿ ಅವರ ಸ್ಟುಡಿಯೋದಲ್ಲಿ ಹಾಡಿದ್ದರೆ ಇಷ್ಟು ಧೈರ್ಯವಾಗಿ ಕೇಳಲು ಆಗುತ್ತಿರಲಿಲ್ಲ.

ಕೊಡಗಿನವರಿಗೆ ಇನ್ನೊಂದು ಮಾತು. ಜಾಲರಿಯ ಒಳಗೆ ಸ್ಪಂಜು ಇದೆ. ನಮ್ಮ ಮಳೆಗಾಲಕ್ಕೆ ಅದು ಬೇಗ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಜಾಲರಿ ತಿರುಗಿಸಿದರೆ ಬಿಚ್ಚುತ್ತದೆ. ಅದನ್ನು ಮಾತ್ರ ನೀರಿನಲ್ಲಿ ತೊಳೆಯಿರಿ, ಮೈಕಿನ ಮೈಗೆ ನೀರು ತಾಗಬಾರದು. ಪೂರ್ತಿ ಒಣಗಿದ ಮೇಲೆಯೇ ಹಾಕಿ. ನಮ್ಮದು ಈಗ ಅಡುಗೆಮನೆಯಲ್ಲಿ, ಸೌದೆ ಒಲೆಯಿಂದ ಸ್ವಲ್ಪ ದೂರದ ಗೂಡಿನಲ್ಲಿ ಒಣಗುತ್ತಿದೆ. ನಾಳೆ ಎರಡನೇ ಹಾಡು ಇದೆ. ಅಮ್ಮ ಮೈಕಿನ ಜಾಲರಿಯನ್ನು ಟೀ ಸೋಸುವ ಜಾಲರಿ ಪಕ್ಕದಲ್ಲಿ ಇಡಬೇಡಿ ಅಂತ ಆಗಲೇ ಎರಡು ಸಲ ಹೇಳಿದ್ದಾರೆ.