ಈ ಡಬ್ಬಿಯ ಹಸಿರನ್ನು ನಂಬಬೇಡಿ

2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ನಾನೊಬ್ಬಳೇ. ಹೊತ್ತು ಹೋಗದೆ ತರಿಸಿಕೊಂಡದ್ದು ಈ 12 ಬಣ್ಣಗಳ ಜಲವರ್ಣದ ಡಬ್ಬಿ. ಅಂಗೈಯಗಲದ ತಗಡು, ಮುಚ್ಚಳವೇ ಬಣ್ಣ ಕಲಸುವ ತಟ್ಟೆ. ಇವತ್ತಿಗೂ ಅದನ್ನೇ ಬಳಸುತ್ತಿದ್ದೇನೆ. ಹಾಗಾಗಿ ಹೊಗಳಲಿಕ್ಕೂ ಬೈಯಲಿಕ್ಕೂ ನನಗೆ ಹಕ್ಕಿದೆ.

ಮೊದಲು ಬೈಗುಳ. ಬೇಲಿ ಪಕ್ಕ ತಾನಾಗಿ ಬೆಳೆದಿದ್ದ ಎಕ್ಕದ ಎಲೆ ಬರೆಯೋಣ ಅಂತ ಕೂತೆ. ಡಬ್ಬಿಯಲ್ಲಿದ್ದ ಥ್ಯಾಲೋ ಎಂಬ ಕಣ್ಣು ಕುಕ್ಕುವ ಹಸಿರು ಹಚ್ಚಿದರೆ ಎಲೆ ಹೋಗಿ ಪ್ಲಾಸ್ಟಿಕ್ ಬಕೆಟ್ ಆಯಿತು. ಎಕ್ಕದ ಎಲೆ ಅಷ್ಟು ಹಸಿರು ಇರೋದೇ ಇಲ್ಲ, ಅಲ್ವಾ? ಮೇಲೆ ಬೂದಿ ಉದುರಿಸಿದ ಹಾಗೆ ಬೆಳ್ಳಗಿನ ಪುಡಿ ಇರುತ್ತದೆ. ಥ್ಯಾಲೋ ಒಮ್ಮೆ ಕಾಗದಕ್ಕೆ ಅಂಟಿದರೆ ಒದ್ದೆ ಕುಂಚದಿಂದ ಎಷ್ಟು ಉಜ್ಜಿದರೂ ಪೂರ್ತಿ ಏಳುವುದಿಲ್ಲ. ಎರಡು ಹಾಳೆ ಹಾಳಾದ ಮೇಲೆ ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ ಅನ್ನೋ ಮಣ್ಣಿನ ಹಳದಿ ಕಲಸಿದೆ, ಚೂರೇ ಚೂರು ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಸೇರಿಸಿದೆ. ಆಗ ಎಕ್ಕ ಬಂತು.

ಈ ನೀಲಿ ಮತ್ತು ಸಿಯೆನ್ನಾ ಜೋಡಿಗಾಗಿಯೇ ಡಬ್ಬಿ ಕೊಳ್ಳಬಹುದು. ನೀಲಿ ಜಾಸ್ತಿಯಾದರೆ ಬೆಳಗಿನ ನೆರಳು, ಸಿಯೆನ್ನಾ ಜಾಸ್ತಿಯಾದರೆ ಸಂಜೆಯ ಗೋಡೆ. ಅಲ್ಟ್ರಾಮರೀನ್ ಒಣಗುವಾಗ ಅದರ ಕಣಗಳು ಕಾಗದದ ಸಣ್ಣ ಗುಳಿಗಳಲ್ಲಿ ಕೂರುತ್ತವೆ. ಗೋಡೆಯ ತರಿತರಿ ಪುಕ್ಕಟೆ ಸಿಕ್ಕಿಬಿಡುತ್ತದೆ.

ಡಬ್ಬಿಯಲ್ಲಿ ಬಿಳಿಯೂ ಇದೆ, ನನಗೆ ಬೇಕಾಗಲಿಲ್ಲ. ತುಂಬೆ ಹೂವನ್ನು ಲೋಟದಲ್ಲಿಟ್ಟು ಕಿಟಕಿಯ ಕಟ್ಟೆ ಮೇಲೆ ಇಟ್ಟುಕೊಂಡಿದ್ದೆ. ನಾಲ್ಕು ಗಂಟೆಯ ಬಿಸಿಲು. ಹೂವಿನ ಜಾಗದಲ್ಲಿ ಕಾಗದವನ್ನು ಹಾಗೇ ಬಿಟ್ಟು, ಸುತ್ತಲಿನ ಎಲೆ ಮತ್ತು ಎಸಳಿನ ಕೆಳಗಿನ ತೆಳು ನೀಲಿ ನೆರಳು ಮಾತ್ರ ಹಚ್ಚಿದೆ. ಅರ್ಧ ಆಗುವಷ್ಟರಲ್ಲಿ ಬಿಸಿಲು ಕಟ್ಟೆಯಿಂದ ಇಳಿದುಹೋಯಿತು. ಮರುದಿನ ಮೋಡ. ಉಗುರಿನಷ್ಟು ಹೂವಿಗೆ ಮೂರು ದಿನ ಹಿಡಿಯಿತು. ನನಗೇನು, ಎಲ್ಲಿಗೂ ಹೋಗಬೇಕಿರಲಿಲ್ಲ.

ಇನ್ನು ಅಲಿಜರಿನ್ ಕೆಂಪು. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಪಿಆರ್83 ಅಂತಿತ್ತು, ಬೆಳಕಿಗೆ ಮಾಸುವ ಬಣ್ಣದ ಸಂಕೇತ ಅದು. ನಾನು ಓದಿರಲಿಲ್ಲ. ತೆಳುವಾಗಿ ಒಂದು ಪಟ್ಟಿ ಹಚ್ಚಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಬಿಸಿಲಿಗೆ ಇಟ್ಟೆ. ಎರಡು ತಿಂಗಳಿಗೆ ತೆರೆದ ಅರ್ಧ ಮಾಸಿತ್ತು. ಗೋಡೆಗೆ ಹಾಕುವ ಚಿತ್ರಕ್ಕೆ ಇದು ಬೇಡ.

ಜೊತೆಗೆ ಕೊಟ್ಟ ಕುಂಚ ಕೂದಲು ಉದುರಿಸುತ್ತದೆ. ಹಾಳೆಗಳು ನೀರು ಬಿದ್ದ ಕೂಡಲೇ ಹಪ್ಪಳ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿಯ ಕಾಗದ ಬೇರೆ ತಗೊಳ್ಳಿ.

ಈಗ ಅಲ್ಟ್ರಾಮರೀನ್ ಮುಗಿದು ತಳದ ಪ್ಲಾಸ್ಟಿಕ್ ಕಾಣುತ್ತಿದೆ. ಥ್ಯಾಲೋ ಹಸಿರು ಮಾತ್ರ ಹೊಸದರ ಹಾಗೇ ಕೂತಿದೆ. ಅದನ್ನು ಕಿತ್ತು ಆ ಜಾಗಕ್ಕೂ ಒಂದು ಅಲ್ಟ್ರಾಮರೀನ್ ಕೂರಿಸುತ್ತಿದ್ದೇನೆ. ಬಣ್ಣದ ಬಿಲ್ಲೆ ತುಂಬಿದ ಪುಟ್ಟ ಬಟ್ಟಲು, ಅಂದರೆ ಪ್ಯಾನ್, ಬಿಡಿಯಾಗಿಯೂ ಸಿಗುತ್ತದೆ.