ಹಳೇ ಪೈಲಟ್, ಹಳೇ ರೂಪದ ಹೊಸ ವಾಚ್: ಮಲೆನಾಡಿಗೆ ಯಾವುದು?

ಹಳೇ ಕಾಲದ ವಾಚ್ ಕಟ್ಟಬೇಕು ಅನ್ನುವವರಿಗೆ ಈಗ ಮೂರು ದಾರಿ ಇವೆ. ಯಾರೂ ಬಣ್ಣ ಬಳಿಯದ, ನಿಜವಾಗಿಯೂ ಹಳೆಯದಾದ ವಾಚ್ ಒಂದು. ಹಳೇ ಮಷೀನ್ ಮೇಲೆ ಹೊಸ ಡಯಲ್ ಕೂರಿಸಿ ಮಾರುವ ವಾಚ್ ಇನ್ನೊಂದು. ಕಂಪನಿಯೇ ಹಳೇ ರೂಪದಲ್ಲಿ ಹೊಸದಾಗಿ ಮಾಡಿದ ವಾಚ್ ಮೂರನೆಯದು. ಮೂರನ್ನೂ ಶಿವಮೊಗ್ಗ ಪೇಟೆಯಲ್ಲೂ ತೀರ್ಥಹಳ್ಳಿ ಕಡೆಯ ತೋಟದಲ್ಲೂ ಕಟ್ಟಿಕೊಂಡು ಓಡಾಡಿದ್ದೇನೆ. ಬೆಂಗಳೂರಿನಲ್ಲಿ ಕೂತು ಹೋಲಿಸುವುದಕ್ಕೂ ಇಲ್ಲಿ ಹೋಲಿಸುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಜೂನ್ ಬಂತು ಅಂದರೆ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಸ್ಟು. ವಾಚ್ ಮಾತ್ರ ಹೇಗೆ ಬಿಟ್ಟೀತು?

ಮೊದಲು ಹಳೆಯದು. ನನ್ನ ಹತ್ತಿರ ಇರುವುದು ದೊಡ್ಡಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ದೊಡ್ಡ ಬಿಳಿ ಅಂಕಿ, ಕೀ ಕೊಡುವ 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲು) ಮಷೀನ್. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಮಾಡಲು ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆದದ್ದು 2016ರಲ್ಲಿ. ಈ ನಡುವೆ ಅಡಿಕೆ ಮಾರಿದ ದುಡ್ಡಲ್ಲಿ, ಮೊದಲ ಸಂಬಳದಲ್ಲಿ, ಮದುವೆಗೆ ಅಂತ ಕೊಂಡ ಎಚ್‌ಎಂಟಿಗಳು ನಮ್ಮ ಕಡೆ ಎಷ್ಟೋ ಮನೆಯ ಬೀರುವಿನಲ್ಲಿ ಇನ್ನೂ ಇವೆ. ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ಬೀರು ತೆರೆದು ನೋಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ.

ಪೈಲಟ್ ಅಗಲ ಸುಮಾರು 35 ಮಿಲಿಮೀಟರ್. ಈಗಿನ ದಪ್ಪ ವಾಚ್‌ಗಳ ಪಕ್ಕದಲ್ಲಿ ಚಿಕ್ಕದು ಅನ್ನಿಸುತ್ತದೆ. ಆದರೆ ತುಂಬು ತೋಳಿನ ಅಂಗಿಯ ಪಟ್ಟಿಯ ಕೆಳಗೆ ಸಲೀಸಾಗಿ ಕೂರುತ್ತದೆ. ಬೆಳಗ್ಗೆ ಒಮ್ಮೆ ಪೂರ್ತಿ ಕೀ ಕೊಟ್ಟರೆ ಮರುದಿನ ಬೆಳಗ್ಗೆಯವರೆಗೆ ಆರಾಮಾಗಿ ಓಡುತ್ತದೆ. ಇದರ ಬಡಿತ ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು. ಕಿವಿ ಹತ್ತಿರ ಹಿಡಿದರೆ ಆ ನಿಧಾನ ಗೊತ್ತಾಗುತ್ತದೆ. ಈಗಿನ ಬಹಳಷ್ಟು ಮಷೀನ್‌ಗಳು ಸೆಕೆಂಡಿಗೆ ಆರು, ಎಂಟು ಸಲ ಬಡಿಯುತ್ತವೆ. ನನ್ನ ಪೈಲಟ್ ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ನನಗೆ ಅದು ತೊಂದರೆ ಅಲ್ಲ, ಕೀ ಕೊಡುವಾಗ ಮುಳ್ಳನ್ನೂ ಸರಿ ಮಾಡುತ್ತೇನೆ.

ಇದರ ನಿಜವಾದ ಸಮಸ್ಯೆ ನೀರು. ಹಳೇ ಕೇಸ್‌ನ ಹಿಂದಿನ ಮುಚ್ಚಳದ ರಬ್ಬರ್ ಒಣಗಿ ಕಲ್ಲಿನಂತಾಗಿರುತ್ತದೆ. ಕೀ ಇರುವ ಜಾಗದಲ್ಲಿ ಸಣ್ಣ ಸಂದಿ ಇದ್ದೇ ಇರುತ್ತದೆ. ಬರೀ ಮಳೆ ನೀರಲ್ಲ, ಗಾಳಿಯ ತೇವವೂ ಒಳಗೆ ಹೋಗುತ್ತದೆ. ಮೊದಲು ಗ್ಲಾಸ್ ಒಳಗೆ ಮಂಜು ಕಟ್ಟುತ್ತದೆ. ಆಮೇಲೆ ಕೀಯ ಸ್ಟೆಮ್, ಅಂದರೆ ಕೀಯಿಂದ ಒಳಗೆ ಹೋಗುವ ಕಡ್ಡಿ, ತುಕ್ಕು ಹಿಡಿಯುತ್ತದೆ, ಏಕೆಂದರೆ ಅದು ಉಕ್ಕಿನದು. ಕೊನೆಗೆ ಡಯಲ್ ಮೇಲೆ ಚುಕ್ಕೆ ಏಳುತ್ತವೆ. ಆ ಚುಕ್ಕೆ ಮತ್ತೆ ಹೋಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಲ್ಲಿಗೆ ಜುಲೈನಲ್ಲಿ ಹಳೇ ಪೈಲಟ್ ಕಟ್ಟಿಕೊಂಡು ಹೋಗುವುದು ಬೇಡವೇ ಬೇಡ.

ಈಗ ಎರಡನೇ ದಾರಿ. ಇದರ ಬಗ್ಗೆ ನನಗೆ ಖಚಿತವಾದ ಅಭಿಪ್ರಾಯ ಇದೆ. ಹೋಲಿಸಿ ನೋಡಲೆಂದೇ ಆನ್‌ಲೈನ್‌ನಲ್ಲಿ ಇನ್ನೊಂದು ಪೈಲಟ್ ತರಿಸಿದ್ದೆ. ಫೋಟೊದಲ್ಲಿ ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು. ಮಾರುವವರು ಬರೆದಿದ್ದು ‘1970ರ ದಶಕದ ಅಸಲಿ ವಾಚ್’ ಎಂದು. ಮಷೀನ್ ಮಟ್ಟಿಗೆ ಅದು ನಿಜ ಇರಬಹುದು. ಡಯಲ್ ಮಾತ್ರ ಈಚೆಗೆ ಅಚ್ಚು ಹಾಕಿದ್ದು. ಸಂಗ್ರಹ ಮಾಡುವವರು ಇಂಥದ್ದಕ್ಕೆ ‘ಮುಂಬೈ ಸ್ಪೆಷಲ್’ ಅನ್ನುತ್ತಾರೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಒಂದು ಭೂತಗನ್ನಡಿ ಸಾಕು. ನಿಮಿಷದ ಗೆರೆಗಳು ಒಂದೇ ದಪ್ಪ ಇವೆಯಾ ನೋಡಿ. ಅಕ್ಷರದ ಅಂಚು ಶಾಯಿ ಹರಡಿದಂತೆ ಇದ್ದರೆ ಅನುಮಾನ ಪಡಿ. ಕೇಸ್‌ನ ಮೂಲೆಗಳು ಉಜ್ಜಿ ಉಜ್ಜಿ ದುಂಡಗಾಗಿರುತ್ತವೆ. ಎಲ್ಲಕ್ಕಿಂತ ಸುಲಭದ ಪರೀಕ್ಷೆ ರೇಡಿಯಂದು, ಅಂದರೆ ಕತ್ತಲಲ್ಲಿ ಹೊಳೆಯಲು ಹಚ್ಚುವ ಬಣ್ಣದ್ದು; ಹೆಸರು ಹಾಗಿದ್ದರೂ ಅದು ರೇಡಿಯಂ ಧಾತುವೇ ಆಗಿರಬೇಕಿಲ್ಲ. ಹಳೇ ವಾಚ್‌ಗಳಲ್ಲಿ ಬಳಸುತ್ತಿದ್ದ ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಬೇರೆ ಹೊಳೆಯುವ ಬಣ್ಣಗಳೂ ಇಷ್ಟು ವರ್ಷದಲ್ಲಿ ಸೋತು ಹೋಗಿರುತ್ತವೆ. ನಲವತ್ತು, ಐವತ್ತು ವರ್ಷದ ವಾಚ್ ರಾತ್ರಿಯಿಡೀ ಹಸಿರಾಗಿ ಬೆಳಗುತ್ತಿದ್ದರೆ ಆ ಬಣ್ಣ ಹೊಸದು. ನನ್ನ ಕೈಗೆ ಬಂದದ್ದು ಬೆಳಗುತ್ತಿತ್ತು.

ಹೊಸ ಡಯಲ್ ಚೆನ್ನಾಗಿ ಕಂಡರೆ ಏನು ತಪ್ಪು ಎಂದು ನೀವು ಕೇಳಬಹುದು. ನೋಡುವುದಕ್ಕೆ ಏನೂ ತಪ್ಪಿಲ್ಲ. ಆದರೆ ಹಳೇ ವಾಚ್‌ನಲ್ಲಿ ಬೆಲೆ ಬಾಳುವುದು ಅಷ್ಟು ವರ್ಷ ಬದಲಾಗದೆ ಉಳಿದ ಭಾಗವೇ. ದೊಡ್ಡಪ್ಪನ ಪೈಲಟ್‌ನಲ್ಲಿ ಒಂಬತ್ತರ ಹತ್ತಿರ ಡಯಲ್ ಸ್ವಲ್ಪ ಕಂದಿದೆ. ಬೆಲ್ಟ್ ಕೂರುವ ಕಡೆ ಕೇಸ್ ಸವೆದಿದೆ. ಅವರ ಬೆವರು, ಅವರ ತೋಟದ ಕೆಲಸ, ಅವರು ತಪ್ಪದೆ ಕೀ ಕೊಟ್ಟ ಬೆಳಗುಗಳು, ಎಲ್ಲ ಅದರಲ್ಲಿವೆ. ಅದಕ್ಕೆ ಬಣ್ಣ ಬಳಿದರೆ ಉಳಿಯುವುದು ಒಂದು ಹಳೇ ಮಷೀನ್ ಮಾತ್ರ. ಹಳೆಯದೂ ಅಲ್ಲ, ಹೊಸದರ ಭದ್ರತೆಯೂ ಇಲ್ಲ. ಮೂರರಲ್ಲಿ ನಾನು ಬೇಡ ಅನ್ನುವುದು ಇದೊಂದನ್ನೇ.

ಮೂರನೆಯದಕ್ಕೆ ಬರೋಣ. ಟೈಮೆಕ್ಸ್ 2017ರಲ್ಲಿ ತನ್ನ 1960ರ ದಶಕದ ಮಾರ್ಲಿನ್ ಅನ್ನು ಮತ್ತೆ ತಂದಿತು. 34 ಮಿಲಿಮೀಟರ್ ಅಗಲ, ಉಬ್ಬಿದ ಅಕ್ರಿಲಿಕ್ (ಪ್ಲಾಸ್ಟಿಕ್) ಗ್ಲಾಸ್, ಕೀ ಕೊಡುವ ಚೀನಾ ಮಷೀನ್. ಇದನ್ನು ನಾನು ಇಷ್ಟಪಡುವುದಕ್ಕೆ ಒಂದು ಕಾರಣ ಇದೆ. ಹಳೇ ರೂಪ ಅಂತ ಹೇಳಿ ವಾಚನ್ನು 42 ಮಿಲಿಮೀಟರಿಗೆ ಊದಿಸಿಲ್ಲ. ಅಳತೆಯೂ ಹಳೆಯದೇ. ಮದುವೆ ಮನೆಗೆ ಪಂಚೆ, ಬಿಳಿ ಅಂಗಿಯ ಜೊತೆ ಇದಕ್ಕಿಂತ ಚೆಂದದ್ದು ನನ್ನ ಹತ್ತಿರ ಇಲ್ಲ. ಪೈಲಟ್ ಅಲ್ಲಿ ಸ್ವಲ್ಪ ಒರಟು ಕಾಣುತ್ತದೆ.

ಇದೇ ಗುಂಪಿನ ಕೆಲವು ಬ್ರ್ಯಾಂಡ್‌ಗಳು ಹೊಸ ವಾಚ್‌ನ ರೇಡಿಯಂಗೆ ಬೇಕೆಂದೇ ಹಳದಿ ಬಣ್ಣ ಕೊಡುತ್ತವೆ, ಐವತ್ತು ವರ್ಷ ಹಳೆಯದು ಅನ್ನಿಸಲಿ ಎಂದು. ಅದು ನನಗೆ ಒಗ್ಗುವುದಿಲ್ಲ. ರೂಪ ಹಳೆಯದಿರಲಿ, ವಯಸ್ಸಿನ ಗುರುತು ಅದನ್ನು ಕಟ್ಟಿದವರಿಂದ ಬರಲಿ. ಮಾರ್ಲಿನ್ ಆ ಕೆಲಸಕ್ಕೆ ಹೋಗಿಲ್ಲ.

ಆದರೆ ಹೊಸದು ಅಂದ ಮಾತ್ರಕ್ಕೆ ಮಳೆಗೆ ಗಟ್ಟಿ ಎಂದುಕೊಳ್ಳಬೇಡಿ. ಮಾರ್ಲಿನ್‌ಗೆ ಬರೆದಿರುವ ನೀರು ತಡೆಯುವ ಅಳತೆ 30 ಮೀಟರ್. ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದು ಅದರ ಅರ್ಥವಲ್ಲ. ಕೈ ತೊಳೆದಾಗ ಸಿಡಿಯುವ ಹನಿ ತಡೆಯುತ್ತದೆ, ಅಷ್ಟೇ. ಸೀಕೋ 5ರ ಎಸ್‌ಎನ್‌ಕೆ809ಕ್ಕೂ ಅದೇ 30 ಮೀಟರ್. ಇದೂ ಹಳೇ ವಿಮಾನ ಚಾಲಕರ ವಾಚ್ ರೂಪದ್ದೇ, 37 ಮಿಲಿಮೀಟರ್, ಆಟೊಮ್ಯಾಟಿಕ್, ಅಂದರೆ ಕೈ ಅಲ್ಲಾಡಿದಂತೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಕೈಯಿಂದ ಕೀ ಕೊಡಲು ಬರುವುದಿಲ್ಲ, ಅಲ್ಲಾಡಿಸಿ ಕಟ್ಟಿಕೊಳ್ಳಬೇಕು. ಗ್ಲಾಸ್ ಗಟ್ಟಿ, ಅಕ್ರಿಲಿಕ್‌ನಷ್ಟು ಬೇಗ ಗೀರು ಬೀಳುವುದಿಲ್ಲ. ತೋಟಕ್ಕೆ, ಬೈಕ್ ಸವಾರಿಗೆ ನಾನು ಕಟ್ಟುವುದು ಇದನ್ನೇ. ರೈನ್‌ಕೋಟ್ ತೋಳಿನೊಳಗೆ ಇದ್ದರೆ ಸಾಕು.

ರಿಪೇರಿ ವಿಷಯದಲ್ಲಿ ಲೆಕ್ಕ ತಿರುಗುತ್ತದೆ. ಶಿವಮೊಗ್ಗದ ಗಾಂಧಿ ಬಜಾರ್ ಕಡೆ ನಾನು ಹೋಗುವ ವಾಚ್ ರಿಪೇರಿಯವರಿಗೆ ಎಚ್‌ಎಂಟಿ ಅಂದರೆ ಮುಖ ಅರಳುತ್ತದೆ. ‘ಇದನ್ನ ಕಣ್ಣು ಮುಚ್ಚಿ ಬಿಚ್ತೀನಿ ಮಾರಾಯ್ರೆ’ ಅನ್ನುತ್ತಾರೆ. ಹಾಳಾದ ಎಚ್‌ಎಂಟಿಗಳ ಸಾಮಾನು ಅವರ ಡಬ್ಬಿ ತುಂಬ ಇದೆ. ಒಂದರ ಬ್ಯಾಲೆನ್ಸ್ ಚಕ್ರ, ಇನ್ನೊಂದರ ಸ್ಪ್ರಿಂಗ್ ಹಾಕಿ ಓಡಿಸುತ್ತಾರೆ. ಹೊಸ ವಾಚ್ ತೋರಿಸಿದಾಗ ಅವರು ಹೇಳಿದ್ದು ಬೇರೆ: ‘ಬಿಚ್ಚೋದು ಕಷ್ಟ ಅಲ್ಲ, ಸಾಮಾನು ಬೇಕಲ್ಲ.’ ಅಂದರೆ ಅದನ್ನು ಸರ್ವಿಸ್ ಸೆಂಟರ್‌ಗೆ ಕಳಿಸಬೇಕು, ಕಾಯಬೇಕು. ಹೊಸದು ಕಡಿಮೆ ಕೆಡುತ್ತದೆ ನಿಜ. ಆದರೆ ಹತ್ತು ವರ್ಷದ ಮೇಲೆ ನಮ್ಮ ಊರಲ್ಲೇ ಸರಿಯಾಗುವುದು ಯಾವುದು ಎಂದು ಕೇಳಿದರೆ ನಾನು ಪೈಲಟ್ ಕಡೆ ಕೈ ತೋರಿಸುತ್ತೇನೆ. ಇಂಥ ರಿಪೇರಿಯವರು ಕಡಿಮೆಯಾಗುತ್ತಿದ್ದಾರೆ. ನಿಮ್ಮೂರಲ್ಲಿ ಒಬ್ಬರು ಇದ್ದರೆ ಹಳೇ ವಾಚ್ ಕೊಳ್ಳುವ ಮೊದಲು ಅವರನ್ನು ಪರಿಚಯ ಮಾಡಿಕೊಳ್ಳಿ.

ಹಾಗಾಗಿ ನನ್ನ ಏರ್ಪಾಡು ಇದು. ನವೆಂಬರಿನಿಂದ ಮೇ ತನಕ ದಿನವೂ ಪೈಲಟ್. ಸಮಾರಂಭಕ್ಕೆ ಮಾರ್ಲಿನ್. ಮಳೆ ಹಿಡಿದ ಮೇಲೆ ಸೀಕೋ. ಆಗ ಪೈಲಟ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ಚರ್ಮದ ಬೆಲ್ಟ್ ಬಿಚ್ಚಿ ಬೇರೆ ಇಡಿ, ಬೂಸ್ಟು ಮೊದಲು ಹಿಡಿಯುವುದು ಅದಕ್ಕೇ. ವಾರಕ್ಕೊಮ್ಮೆ ಹೊರಗೆ ತೆಗೆದು ಕೀ ಕೊಟ್ಟು, ಗ್ಲಾಸ್ ಒಳಗೆ ಮಂಜು ಕಟ್ಟಿದೆಯಾ ನೋಡಿ. ಕಂಡರೆ ಬಿಸಿಲಿಗೆ ಇಟ್ಟು ಕಾಯಬೇಡಿ. ಅದೇ ದಿನ ರಿಪೇರಿಯವರ ಹತ್ತಿರ ಕೊಟ್ಟು ಮುಚ್ಚಳ ತೆಗೆಸಿ ಒಣಗಿಸಿ.