ಮೊಣಕೈ ನೋವಿಗೆ ಸ್ಟೀಲ್ ಟೂಲ್ ಥೆರಪಿ, ಬದಿಯಡ್ಕ ಪೇಟೆಯ ಫಿಸಿಯೋ ಕ್ಲಿನಿಕ್ ಬಗ್ಗೆ

ಅಡಿಕೆ ತೋಟದಲ್ಲಿ ದೋಟಿ ಅಂದ್ರೆ ಉದ್ದದ ಕೋಲು ಹಿಡಿದು ಮದ್ದು ಬಿಡುವವರಿಗೆ, ಕೊನೆ ತೆಗೆಯುವವರಿಗೆ ಮೊಣಕೈಯ ಹೊರಬದಿಯಲ್ಲಿ ಒಂದು ನೋವು ಬರ್ತದಲ್ವಾ, ಚಾ ಗ್ಲಾಸು ಎತ್ತುವಾಗ್ಲೂ ಚಳಕ್ ಅಂತ ಹಿಡಿಯುವಂಥದ್ದು, ಅದಕ್ಕೆ ಕಾಸರಗೋಡಿನ ಬದಿಯಡ್ಕ ಪೇಟೆಯ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿ ಸ್ಟೀಲ್ ಟೂಲ್ ಇಟ್ಟು ಉಜ್ಜುವ ಚಿಕಿತ್ಸೆ ಮಾಡಿಸಿಕೊಂಡೆ. ನಮ್ಮ ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆ ತೋಟದವ್ರು ಸುಮಾರು ಜನ ಕೇಳ್ತಾ ಇದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೀತೇನೆ.

ಗುಣ ಉಂಟಾ ಅಂತ ಕೇಳಿದ್ರೆ ಖಂಡಿತ ಉಂಟು. ಈಗ ಕೊಡಪಾನ ಎತ್ತಲಿಕ್ಕೆ ಆಗ್ತದೆ, ಕೈ ಪೂರ್ತಿ ಬಿಡಿಸಿದ್ರೂ ಎಳೆಯುದಿಲ್ಲ. ಆದ್ರೆ ಅದು ಆ ಸ್ಟೀಲ್‌ನಿಂದ ಮಾತ್ರ ಆದದ್ದು ಅಂತ ನಾನು ಹೇಳುದಿಲ್ಲ. ಉಜ್ಜಿ ಮುಗಿದ ಕೂಡ್ಲೇ ಅವ್ರು ಕೂರಿಸಿ ಮಾಡಿಸಿದ ವ್ಯಾಯಾಮ ಉಂಟಲ್ಲ, ಅರ್ಧಕ್ಕಿಂತ ಹೆಚ್ಚು ಕೆಲಸ ಅದರದ್ದು. ಈ ಕ್ಲಿನಿಕ್ ನನಗೆ ಇಷ್ಟ ಆದದ್ದೂ ಅದಕ್ಕೇ.

ಟೂಲ್ ಅಂದ್ರೆ ಅಂಗೈ ಉದ್ದದ, ಬಾಗಿದ ಸ್ಟೈನ್‌ಲೆಸ್ ಸ್ಟೀಲ್ ತುಂಡು, ಕೈಯಲ್ಲಿ ಹಿಡಿದ್ರೆ ಒಳ್ಳೆ ಭಾರ, ಅಂಚು ಓರೆ ಮಾಡಿ ನುಣ್ಣಗೆ ಉಜ್ಜಿದ್ದಾರೆ, ಕೊಯ್ಯುವಂಥದ್ದು ಅಲ್ಲವೇ ಅಲ್ಲ. ಮೊದ್ಲು ಮೊಣಕೈಗೆ ಸ್ವಲ್ಪ ಶಾಖ ಕೊಟ್ಟು ಕ್ರೀಮ್ ಹಚ್ತಾರೆ, ಮತ್ತೆ ಮುಂಗೈಯಿಂದ ಮೊಣಕೈ ಕಡೆಗೆ ಹಗುರಕ್ಕೆ ಎಳೀತಾರೆ. ಸರಿ ಇರುವ ಜಾಗದಲ್ಲಿ ಜಾರಿಕೊಂಡು ಹೋಗ್ತದೆ, ನೋವಿನ ಜಾಗಕ್ಕೆ ಬಂದಾಗ ಒಳಗೆ ಮರಳು ಇದ್ದ ಹಾಗೆ ಗರಗರ ಅಂತದೆ, ಅದು ನನಗೂ ಗೊತ್ತಾಗ್ತದೆ, ಟೂಲ್ ಹಿಡಿದ ಅವರಿಗೂ ಗೊತ್ತಾಗ್ತದೆ. "ಇಲ್ಲೇ ಅಲ್ವಾ ಅಣ್ಣಾ?" ಅಂತ ಫಿಸಿಯೋಥೆರಪಿಸ್ಟ್ ಮೇಡಂ ಕೇಳಿದ್ದು ಸರೀ ಅದೇ ಜಾಗಕ್ಕೆ. ಅಲ್ಲಿ ಮಾತ್ರ ಸ್ವಲ್ಪ ಹೊತ್ತು ಸಣ್ಣ ಸಣ್ಣ ಎಳೆತ, ಅದೂ ಒಂದು ನಿಮಿಷದ ಆಚೀಚೆ ಅಷ್ಟೇ. ನೋವು ಹತ್ತರಲ್ಲಿ ಎಷ್ಟು ಅಂತ ನಡುನಡುವೆ ಕೇಳ್ತಾ ಇರ್ತಾರೆ, ಐದು ದಾಟಿತು ಅಂದ್ರೆ ಕೈ ಹಗುರ ಮಾಡ್ತಾರೆ.

ಚರ್ಮ ಕೆಂಪಾಗ್ತದೆ, ಒಂದೊಂದ್ಸಲ ಸಣ್ಣ ಕೆಂಪು ಚುಕ್ಕೆ ಏಳ್ತದೆ, ಒಂದೆರಡು ದಿನ ಮುಟ್ಟಿದ್ರೆ ನೋವು ಇರ್ತದೆ. ಇದನ್ನೆಲ್ಲ ಮೊದ್ಲೇ ಹೇಳಿಯೇ ಶುರು ಮಾಡಿದ್ದು. ಕೆಲವು ಕಡೆ ನೀಲಿ ಕಟ್ಟುವವರೆಗೆ ಉಜ್ಜಿ, ಹಾಗೆ ಆದ್ರೇ ಗುಣ ಅಂತ ಹೇಳ್ತಾರಂತೆ, ಅಂಥಲ್ಲಿಗೆ ದಯವಿಟ್ಟು ಹೋಗ್ಬೇಡಿ. ಚೀನಾದವರ ಗುವಾ ಶಾ ಅಂತ ಉಂಟು, ಅದ್ರಲ್ಲಿ ಬೇಕೂಂತಲೇ ಚರ್ಮ ಕೆಂಪು ಮಾಡುದು. ಈ ಸ್ಟೀಲ್ ಟೂಲ್ ಚಿಕಿತ್ಸೆ ಬೇರೆ ದಾರಿಯಲ್ಲಿ ಬಂದದ್ದು. ಇಂಗ್ಲೆಂಡಿನ ಡಾಕ್ಟ್ರು ಜೇಮ್ಸ್ ಸಿರಿಯಾಕ್ಸ್ ಬೆರಳಲ್ಲೇ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಅಡ್ಡಡ್ಡ ಉಜ್ಜುವ ಕ್ರಮ ಬಳಕೆಗೆ ತಂದ್ರು, ಆಮೇಲೆ ಅಮೆರಿಕದ ಡೇವಿಡ್ ಗ್ರಾಸ್ಟನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ತನಗೋಸ್ಕರ ಸ್ಟೀಲ್ ಉಪಕರಣ ಮಾಡಿಸಿದ್ರು, ಅವರ ಹೆಸರಿನ ಸೆಟ್‌ನಲ್ಲಿ 6 ಟೂಲ್ ಉಂಟು. ನೀಲಿ ಕಟ್ಟಿಸುದು ಇದ್ರ ಉದ್ದೇಶವೇ ಅಲ್ಲ.

"ಒಳಗೆ ಗಂಟು ಒಡೀತದಾ ಮೇಡಂ?" ಅಂತ ನಾನು ಕೇಳಿದೆ. ಹಾಗೆ ಹೇಳ್ಲಿಕ್ಕೆ ಪುರಾವೆ ಸಾಲದು ಅಂದ್ರು, ಆ ಉತ್ತರ ಕೇಳಿ ನನಗೆ ಅವರ ಮೇಲೆ ನಂಬಿಕೆ ಬಂತು. ಇಲಿಗಳ ಸ್ನಾಯುರಜ್ಜು ಮೇಲೆ 1990ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಅಂಗಾಂಶ ರಿಪೇರಿ ಮಾಡುವ ಜೀವಕೋಶಗಳು ಒತ್ತಡಕ್ಕೆ ಹೆಚ್ಚಾದದ್ದು ಕಂಡಿದೆ. ಮನುಷ್ಯರಲ್ಲಿ ಕೀಲು ತಿರುಗುವ ಪ್ರಮಾಣ ತಾತ್ಕಾಲಿಕವಾಗಿ ಜಾಸ್ತಿ ಆಗುದಕ್ಕೆ ಆಧಾರ ಉಂಟು, ನೋವು ಶಾಶ್ವತವಾಗಿ ಹೋಗ್ತದೆ ಅನ್ನುದಕ್ಕೆ ಅಷ್ಟು ಗಟ್ಟಿ ಆಧಾರ ಇಲ್ಲ. ಹಾಗಾಗಿ ಕೈ ಸಡಿಲ ಆದ ಆ ಹೊತ್ತಲ್ಲೇ ವ್ಯಾಯಾಮ ಮಾಡ್ಬೇಕು ಅಂತ ಅವರ ಹಟ. ಮುಂಗೈ ಮೇಜಿನ ಮೇಲೆ, ಅಂಗೈ ಕೆಳಮುಖ, ಕೈಯಲ್ಲಿ ಒಂದು ಲೀಟರ್ ನೀರಿನ ಬಾಟ್ಲಿ. ಇನ್ನೊಂದು ಕೈ ಕೊಟ್ಟು ಮಣಿಕಟ್ಟು ಮೇಲೆತ್ತುದು, ಆ ಕೈ ಬಿಟ್ಟು ನಿಧಾನ ಕೆಳಗೆ ಇಳಿಸುದು. ಇಳಿಸುದೇ ಮುಖ್ಯ. ಮನೆಯಲ್ಲೂ ಇದನ್ನು ತಪ್ಪಿಸ್ಬಾರ್ದು. ದೋಟಿಯ ಹಿಡಿಕೆಗೆ ಹಳೇ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ, ಬಿಗಿ ಹಿಡಿಯುದು ಕಮ್ಮಿ ಆಗ್ತದೆ ಅಂದದ್ದೂ ಅವರೇ, ತೋಟದ ಕೆಲಸ ಏನು ಅಂತ ಕೇಳಿ ತಿಳ್ಕೊಂಡು ಹೇಳಿದ ಮಾತು ಅದು.

ನನ್ನ ಜೊತೆ ಬಂದಿದ್ದ ದೊಡ್ಡಪ್ಪನಿಗೆ ಭುಜ ನೋವು, ಅವರಿಗೂ ಟೂಲ್ ಹಾಕಿ ಅಂದೆವು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ ಅಂತ ಗೊತ್ತಾದ ಕೂಡ್ಲೇ ಮೇಡಂ ಟೂಲ್ ಬದಿಗಿಟ್ರು, ಬರೇ ಶಾಖ ಮತ್ತೆ ಭುಜದ ವ್ಯಾಯಾಮ ಕೊಟ್ಟು ಕಳಿಸಿದ್ರು. ಒಳಗೆ ರಕ್ತ ಹೆಪ್ಪುಗಟ್ಟಿದವರು, ಮೂಳೆ ಮುರಿದು ಇನ್ನೂ ಕೂಡದವರು, ಆ ಜಾಗದಲ್ಲಿ ಗಾಯ, ಸೋಂಕು ಅಥವಾ ಗೆಡ್ಡೆ ಇದ್ದವರು ಕೂಡ ಇದನ್ನು ಮಾಡಿಸ್ಬಾರ್ದು. ದುಡ್ಡು ಸಿಗ್ತದೆ ಅಂತ ಎಲ್ರಿಗೂ ಉಜ್ಜದ ಕ್ಲಿನಿಕ್ ಇದು.

ಒಂದು ವಿಷಯ ಮಾತ್ರ ನನಗೆ ಸರಿ ಕಾಣ್ಲಿಲ್ಲ. ಈ ಮಾತ್ರೆ, ಕಾಯಿಲೆ ಎಲ್ಲ ಕೇಳುವ ಫಾರ್ಮ್ ಇರುದು ಮಲಯಾಳ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ದೊಡ್ಡಪ್ಪ ಕಲ್ತದ್ದು ಕನ್ನಡ ಶಾಲೆಯಲ್ಲಿ, ಅವರ ಪ್ರಾಯದವ್ರು ಇಲ್ಲಿ ಎಷ್ಟು ಜನ ಇಲ್ಲ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು ಅಂತ ಅವರ ಓದು ಬರಹ ಬದಲಾಗಿಲ್ಲ. ಮೇಡಂ ಕನ್ನಡ, ತುಳು ಎರಡೂ ಮಾತಾಡ್ತಾರೆ, ಬಾಯಲ್ಲಿ ಕೇಳಿದ್ದಕ್ಕೆ ಮಾತ್ರೆ ವಿಷಯ ಗೊತ್ತಾಯ್ತು, ಬರೇ ಫಾರ್ಮ್ ನೋಡಿ ಶುರು ಮಾಡಿದ್ದಿದ್ರೆ? ಕನ್ನಡದಲ್ಲಿ ಒಂದು ಪುಟ ಪ್ರಿಂಟ್ ಮಾಡಿ ಇಡಿ ಅಂತ ಕೌಂಟರಿನಲ್ಲಿ ಹೇಳಿ ಬಂದಿದ್ದೇನೆ, ಬೇಕಾದ್ರೆ ನಾನೇ ಬರೆದು ಕೊಡ್ತೇನೆ ಅಂತಲೂ ಹೇಳಿದ್ದೇನೆ. ಕ್ಲಿನಿಕ್ ಇರುದು ಒಂದನೇ ಮಾಳಿಗೆಯಲ್ಲಿ, ಲಿಫ್ಟ್ ಇಲ್ಲ, ಮೊಣಕಾಲು ನೋವಿನವರಿಗೆ ಆ ಮೆಟ್ಲು ಕಷ್ಟವೇ.

ಫೀಸು ಮೊದ್ಲೇ ಹೇಳ್ತಾರೆ, ಇಷ್ಟು ಸಿಟ್ಟಿಂಗ್‌ಗೆ ಒಟ್ಟಿಗೆ ಕಟ್ಟಿ ಅಂತ ಒತ್ತಾಯ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಸೀಸನ್ ಶುರು ಆದ ಮೇಲೆ ಸಂಜೆ ಹೊತ್ತು ತುಂಬ ರಶ್ ಇರ್ತದೆ, ಫೋನ್ ಮಾಡಿ ಟೈಮ್ ತಗೊಂಡು ಹೋಗಿ, ತಗೊಳ್ಳುವ ಮಾತ್ರೆಗಳ ಚೀಟಿ ಮರೀದೆ ಕಿಸೆಯಲ್ಲಿ ಇಟ್ಕೊಳ್ಳಿ.